80 ಲಕ್ಷ ಮಂಜೂರು, 78 ಲಕ್ಷ ಬಳಕೆ, ಆದರೂ ಖಾತೆ ‘ಅನಿಯಮಿತ’ ಯಾಕೆ? ಬ್ಯಾಂಕ್ ಸುಧಾರಣೆಗಳು ಸಣ್ಣ ಕಾರ್ಖಾನೆಯ ಸಿಸಿ ಖಾತೆಯಲ್ಲಿ

ಪ್ರಶ್ನೆ – ವಾಣಿಜ್ಯ ಉಪನ್ಯಾಸಕಿ, ತುಮಕೂರು

ಬಿ.ಕಾಂ. ಕೊನೆಯ ವರ್ಷದವರಿಗೆ ನಮ್ಮ ದೇಶದ ಬ್ಯಾಂಕಿಂಗ್ ಸುಧಾರಣೆಯ ಪಾಠ ತೆಗೆದುಕೊಳ್ಳಬೇಕು. ಪಠ್ಯದಲ್ಲಿ 1969, 1980, 1991, 1998, 2002, 2016 ಅಂತ ಇಸವಿಗಳ ಸರಮಾಲೆ ಇದೆ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ತರಗತಿಯಲ್ಲಿ ಕೂತಿರುವ ಎಷ್ಟೋ ಮಕ್ಕಳ ಮನೆಯವರು ವಸಂತನರಸಾಪುರ, ದಾಬಸ್‌ಪೇಟೆ, ಪೀಣ್ಯದ ಸಣ್ಣ ಘಟಕಗಳಲ್ಲಿ ದುಡಿಯುವವರು. ಅಂಥ ಒಂದು ಘಟಕದ ಕ್ಯಾಶ್ ಕ್ರೆಡಿಟ್ (ಸಿಸಿ) ಖಾತೆಯನ್ನೇ, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ಹಣ ತೆಗೆದು ಬಂದಾಗ ಕಟ್ಟುವ ಸಾಲದ ಖಾತೆಯನ್ನೇ, ಬೋರ್ಡಿನ ಮೇಲೆ ಬರೆದು, ಯಾವ ಸುಧಾರಣೆ ಅದರ ಯಾವ ಸಾಲಿನಲ್ಲಿ ಕೂತಿದೆ ಅಂತ ತೋರಿಸುವ ಆಸೆ.

ಗೊತ್ತಿರುವವರು ಇಷ್ಟು ಬಿಡಿಸಿ ಹೇಳಿ. ಬ್ಯಾಂಕ್ 80 ಲಕ್ಷ ಮಂಜೂರು ಮಾಡಿದೆ, ಘಟಕ 78 ಲಕ್ಷ ಮಾತ್ರ ಬಳಸಿದೆ. ಮಿತಿಯೊಳಗೇ ಇದ್ದರೂ ಖಾತೆ ಅನಿಯಮಿತ ಅನ್ನುವುದು ಹೇಗೆ? 90 ದಿನದ ನಿಯಮ ಎಲ್ಲಿಂದ ಬಂತು? ಉಕ್ಕು, ವಿದ್ಯುತ್ ಕಂಪನಿಗಳ ಸಾಲ ಮುಳುಗಿದ್ದಕ್ಕೂ ಸಣ್ಣ ಘಟಕಕ್ಕೂ ಏನು ಸಂಬಂಧ? ಖಾತೆ ಎನ್‌ಪಿಎ (ಅನುತ್ಪಾದಕ ಸಾಲ) ಆದ ಮೇಲೆ ಯಾವ ಹಂತದಲ್ಲಿ ಮಾಲೀಕ ಏನು ಮಾಡಬಹುದು?

ಉತ್ತರ – ಹಳೇ ಲೆಡ್ಜರ್

ಮೇಡಂ, ಇಸವಿಗಳನ್ನು ಸಾಲಾಗಿ ಹೇಳುವ ಬದಲು ‘ಸಾಲ ಕೆಟ್ಟಿದೆ ಅಂತ ಯಾರು, ಯಾವಾಗ, ಹೇಗೆ ತೀರ್ಮಾನಿಸುತ್ತಿದ್ದರು’ ಅನ್ನುವ ಒಂದೇ ಪ್ರಶ್ನೆ ಹಿಡಿದು ಹೋಗಿ. ಮಕ್ಕಳಿಗೆ ದಾರಿ ಸಿಗುತ್ತದೆ.

1969ರ ಜುಲೈ 19ರಂದು 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕ್‌ಗಳು ಸರ್ಕಾರದ ವಶವಾದವು. ಅವುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ನಮ್ಮ ಕರಾವಳಿಯಲ್ಲಿ ಹುಟ್ಟಿದವು. 1980ರ ಏಪ್ರಿಲ್ 15ರಂದು ಇನ್ನೂ ಆರು ಸೇರಿದಾಗ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕ್ ಕೂಡ ಹೋದವು. ಮಂಗಳೂರಿನ ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. ರಾಷ್ಟ್ರೀಕರಣದ ದೊಡ್ಡ ಕೆಲಸ ಅಂದರೆ ಸಾಲ ಯಾರಿಗೆ ಹೋಗಬೇಕು ಅನ್ನುವುದನ್ನು ಬದಲಿಸಿದ್ದು. ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯದ ಸಾಲ ಬೆಳೆದದ್ದು ಅಲ್ಲಿಂದ. ಈಗ ವಾಣಿಜ್ಯ ಬ್ಯಾಂಕಿನ ಸಾಲದಲ್ಲಿ ಶೇ 40 ಆದ್ಯತಾ ವಲಯಕ್ಕೆ, ಅದರೊಳಗೆ ಅತಿಸಣ್ಣ ಉದ್ಯಮಕ್ಕೆ ಶೇ 7.5 ಅನ್ನುವ ಗುರಿ ಇದೆ.

‘ಎಷ್ಟು ಕೊಡಬೇಕು’ ಅನ್ನುವುದಕ್ಕೆ ಬೇರೆ ಸಮಿತಿಗಳು ಬಂದವು. 1975ರಲ್ಲಿ ವರದಿ ಕೊಟ್ಟ ಟಂಡನ್ ಸಮಿತಿ, ಆಸ್ತಿ ಅಡ ಇದೆ ಅಂತ ಸಾಲ ಕೊಡುವುದು ಸಾಲದು, ಕಾರ್ಖಾನೆಗೆ ನಿಜವಾಗಿ ಎಷ್ಟು ದಾಸ್ತಾನು ಬೇಕು, ಬಾಕಿ ಬರಲು ಎಷ್ಟು ದಿನ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ ಕೊಡಿ ಅಂದಿತು. ಸಣ್ಣವರಿಗೆ ಆ ಲೆಕ್ಕವೇ ಭಾರವಾಯಿತು. 1990ರ ದಶಕದ ಶುರುವಿನಲ್ಲಿ ನಾಯಕ್ ಸಮಿತಿ ಅದನ್ನು ಸರಳ ಮಾಡಿತು: ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 25 ದುಡಿಮೆ ಬಂಡವಾಳ ಬೇಕು ಅಂತ ಹಿಡಿಯಿರಿ, ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕ್ ಕೊಡಲಿ, ಶೇ 5ರಷ್ಟನ್ನು ಮಾಲೀಕ ಹಾಕಲಿ. ನಿಮ್ಮ ಉದಾಹರಣೆಯ 80 ಲಕ್ಷ ಹುಟ್ಟುವುದು ಹೀಗೆ. ವಹಿವಾಟು 4 ಕೋಟಿ, ಅದರ ಶೇ 20 ಅಂದರೆ 80 ಲಕ್ಷ.

ಈಗ ‘ಕೆಟ್ಟ ಸಾಲ’ಕ್ಕೆ ಬನ್ನಿ. 1985ರಲ್ಲಿ ರಿಸರ್ವ್ ಬ್ಯಾಂಕ್ ಸಾಲ ಎಷ್ಟು ಸರಿಯಾಗಿದೆ ಅಂತ ಅಂಕಿ ಕೊಟ್ಟು ಗುರುತಿಸುವ ಎಂಟು ಬಗೆಯ ‘ಆರೋಗ್ಯ ಸಂಕೇತ’ ತಂದಿತ್ತು. ಸಾಲಕ್ಕೆ ಯಾವ ಅಂಕಿ ಅನ್ನುವುದರಲ್ಲಿ ಶಾಖೆಯವರ ಅಭಿಪ್ರಾಯಕ್ಕೆ ಬಹಳ ಜಾಗ ಇತ್ತು. ಕೈಗೆ ಬಾರದ ಬಡ್ಡಿಯನ್ನೂ ಆದಾಯ ಅಂತ ತೋರಿಸಿ ಲಾಭ ಬರೆಯಬಹುದಿತ್ತು. 1991ರ ನರಸಿಂಹಂ ಸಮಿತಿ ಮುಖ್ಯವಾಗಿ ಇದಕ್ಕೇ ಕೈ ಹಾಕಿದ್ದು. ಬಡ್ಡಿ ಬಂದರೆ ಮಾತ್ರ ಆದಾಯ, ಬಾರದಿದ್ದರೆ ಆ ಸಾಲ ಅನುತ್ಪಾದಕ. ಗಡುವನ್ನು ಒಮ್ಮೆಗೇ ಬಿಗಿ ಮಾಡಲಿಲ್ಲ. 1993ರಲ್ಲಿ ನಾಲ್ಕು ತ್ರೈಮಾಸಿಕ, 1994ರಲ್ಲಿ ಮೂರು, 1995ರಲ್ಲಿ ಎರಡು, ಕೊನೆಗೆ 2004ರ ಮಾರ್ಚ್ 31ರಿಂದ 90 ದಿನ.

ಅದೇ ಸಮಯದ ಇನ್ನೊಂದು ಬದಲಾವಣೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. 1991ರಲ್ಲಿ ನಗದು ಮೀಸಲು ಶೇ 15, ಸರ್ಕಾರಿ ಸಾಲಪತ್ರಗಳಲ್ಲಿ ಕಡ್ಡಾಯವಾಗಿ ಇಡಬೇಕಾದದ್ದು ಶೇ 38.5. ಜನ ಇಟ್ಟ 100 ರೂಪಾಯಿಯಲ್ಲಿ 53.50 ಮೊದಲೇ ಕಟ್ಟಿಹಾಕಿದಂತೆ. ಉಳಿದ 46.50ರಲ್ಲಿ ಶೇ 40 ಆದ್ಯತಾ ವಲಯಕ್ಕೆ. ಕಡ್ಡಾಯ ಸಾಲಪತ್ರದ ಪಾಲು ಈಗ ಶೇ 18. ಬ್ಯಾಂಕಿಗೆ ಸಾಲ ಕೊಡಲು ಹಣ ಹೆಚ್ಚು ಸಿಕ್ಕಿತು, ಕೊಟ್ಟದ್ದು ಕೆಟ್ಟರೆ ಮುಚ್ಚಿಡುವ ದಾರಿ ಕಡಿಮೆಯಾಯಿತು.

90 ದಿನ ದಾಟಿದರೆ ಬ್ಯಾಂಕ್ ಯಾಕೆ ಅಷ್ಟು ಗಾಬರಿ ಬೀಳುತ್ತದೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಸಣ್ಣ ಉದ್ಯಮದ ಸಾಲ ಸರಿಯಾಗಿದ್ದಾಗ, ಮುಂದೆ ಕೆಟ್ಟರೆ ಇರಲಿ ಅಂತ ಬ್ಯಾಂಕ್ ತನ್ನ ಲಾಭದಿಂದ ಎತ್ತಿಡಬೇಕಾದದ್ದು ಶೇ 0.25, ಅಂದರೆ 78 ಲಕ್ಷಕ್ಕೆ 19,500 ರೂಪಾಯಿ. ಎನ್‌ಪಿಎ ಆದ ದಿನ ಅದು ಶೇ 15ಕ್ಕೆ ಹಾರುತ್ತದೆ: 11,70,000. ಅಡಮಾನವೇ ಇಲ್ಲದ ಸಾಲವಾದರೆ ಶೇ 25. ವಸೂಲಾಗದ ಬಡ್ಡಿಯನ್ನೂ ಆದಾಯದಿಂದ ತೆಗೆಯಬೇಕು. ಒಂದು ವರ್ಷ ಕಳೆದರೆ ಸಂಶಯಾತ್ಮಕ ವರ್ಗಕ್ಕೆ ಇಳಿದು, ಅಡ ಇರುವ ಭಾಗದ ಮೇಲೆ ಶೇ 25, ಆಮೇಲೆ ಶೇ 40, ಕೊನೆಗೆ ಪೂರ್ತಿ. ಅಡ ಇಲ್ಲದ ಭಾಗಕ್ಕೆ ಆಗಲೇ ಪೂರ್ತಿ.

ದೊಡ್ಡ ಕೈಗಾರಿಕೆಯ ನಂಟು ಇಲ್ಲಿದೆ. ಮೊದಲು ಯಂತ್ರ, ಕಟ್ಟಡಕ್ಕೆ ದೀರ್ಘಾವಧಿ ಸಾಲ ಕೊಡಲು ಐಎಫ್‌ಸಿಐ, ಐಸಿಐಸಿಐ, ಐಡಿಬಿಐ ಇದ್ದವು. ರಾಜ್ಯಮಟ್ಟದಲ್ಲಿ 1959ರಿಂದ ಕೆಎಸ್‌ಎಫ್‌ಸಿ (ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ). ದಿನನಿತ್ಯದ ದುಡಿಮೆಗೆ ವಾಣಿಜ್ಯ ಬ್ಯಾಂಕ್. 1991ರ ಜುಲೈ 24ರ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಪರವಾನಗಿ ತೆಗೆದುಹಾಕಿತು, ಯಾರು ಬೇಕಾದರೂ ಉಕ್ಕಿನ ಕಾರ್ಖಾನೆ ಕಟ್ಟಬಹುದಾಯಿತು. ಆದರೆ ದೀರ್ಘಾವಧಿ ಸಾಲ ಕೊಡುತ್ತಿದ್ದ ಐಸಿಐಸಿಐ 2002ರಲ್ಲಿ, ಐಡಿಬಿಐ ಅದರ ಹಿಂದೆಯೇ, ತಾವೇ ಬ್ಯಾಂಕ್ ಆಗಿಬಿಟ್ಟವು. ಹದಿನೈದು ವರ್ಷದ ವಿದ್ಯುತ್ ಯೋಜನೆಗೆ ಎರಡು ಮೂರು ವರ್ಷದ ಠೇವಣಿ ನಂಬಿ ಸರ್ಕಾರಿ ಬ್ಯಾಂಕ್‌ಗಳು ಸಾಲ ಕೊಟ್ಟವು. ಕಲ್ಲಿದ್ದಲು, ಭೂಮಿ, ಅನುಮತಿ ಒಂದೊಂದೇ ಸಿಕ್ಕಿಹಾಕಿಕೊಂಡಾಗ ಸಾಲವನ್ನು ‘ಮರುಹೊಂದಾಣಿಕೆ’ ಅಂತ ಮುಂದೂಡಿದರು. ಹಾಗೆ ಮುಂದೂಡಿದ್ದನ್ನು ಸರಿಯಾದ ಸಾಲ ಅಂತಲೇ ತೋರಿಸುವ ಸವಲತ್ತು 2015ರ ಏಪ್ರಿಲ್ 1ಕ್ಕೆ ಕೊನೆಯಾಯಿತು. ಅದೇ ವರ್ಷ ರಿಸರ್ವ್ ಬ್ಯಾಂಕ್ ಪುಸ್ತಕಗಳನ್ನು ಬಿಚ್ಚಿ ನೋಡಿತು. 2018ರ ಮಾರ್ಚ್ ಹೊತ್ತಿಗೆ ಒಟ್ಟು ಎನ್‌ಪಿಎ ಶೇ 11 ದಾಟಿತ್ತು.

ಕಾರ್ಪೊರೇಷನ್ ಬ್ಯಾಂಕ್ ಸೇರಿ 11 ಸರ್ಕಾರಿ ಬ್ಯಾಂಕ್‌ಗಳು ದುರ್ಬಲ ಬ್ಯಾಂಕ್‌ಗಳ ಮೇಲೆ ರಿಸರ್ವ್ ಬ್ಯಾಂಕ್ ಹೇರುವ ‘ತ್ವರಿತ ಸರಿಪಡಿಕೆ’ ಕಟ್ಟಳೆಗೆ ಒಳಪಟ್ಟವು. ಬಂಡವಾಳ ಕರಗಿದ ಬ್ಯಾಂಕ್ ಹೊಸ ಸಾಲಕ್ಕೆ ಕೈ ಬಿಗಿ ಹಿಡಿಯುತ್ತದೆ. ಶಾಖೆಯಲ್ಲಿ ಅದರ ಅರ್ಥ ಏನು? 80 ಲಕ್ಷದ ಮಿತಿಯನ್ನು 1 ಕೋಟಿಗೆ ಏರಿಸಿ ಅಂತ ಕೊಟ್ಟ ಅರ್ಜಿ ಮೇಲಿನ ಕಚೇರಿಯಲ್ಲೇ ಕೂರುತ್ತದೆ. ಉಕ್ಕಿನವರು ಕಟ್ಟದ ಸಾಲದ ಹೊರೆ ನಟ್ಟು, ಬೋಲ್ಟು ಮಾಡುವವರ ಮೇಲೆ ಬಂದದ್ದು ಹೀಗೆ. ಪಾಠದಲ್ಲಿ ಇದನ್ನು ದಯವಿಟ್ಟು ಬಿಡಬೇಡಿ.

ಉತ್ತರ – ಸ್ಟಾಕ್ ಸ್ಟೇಟ್‌ಮೆಂಟ್

ಮೊದಲ ಪ್ರಶ್ನೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಮಂಜೂರಾತಿ ಮಿತಿ ಬೇರೆ, ಡಿಪಿ ಅಂದರೆ ಡ್ರಾಯಿಂಗ್ ಪವರ್ ಬೇರೆ. ಮಿತಿ ವರ್ಷಕ್ಕೊಮ್ಮೆ ತೀರ್ಮಾನ ಆಗುತ್ತದೆ. ಡಿಪಿ ತಿಂಗಳು ತಿಂಗಳು ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ (ದಾಸ್ತಾನು ಮತ್ತು ಬಾಕಿಗಳ ಪಟ್ಟಿ) ಮೇಲೆ ಏರಿ ಇಳಿಯುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಬಳಸಬಹುದು.

ಲೇತಿನಲ್ಲಿ ಬಿಡಿಭಾಗ ಕಡೆಯುವ ಘಟಕ ಅಂತ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ರಾಡ್, ಅರೆಬರೆ ಕಡೆದ ಮಾಲು, ತಯಾರಾದ ಮಾಲು ಎಲ್ಲ ಸೇರಿ 50 ಲಕ್ಷ. ಅದರಲ್ಲಿ 18 ಲಕ್ಷದ ರಾಡ್ ಉದ್ದರಿ ತಂದದ್ದು. ಕಳೆದರೆ 32 ಲಕ್ಷ. ಮಾರ್ಜಿನ್, ಅಂದರೆ ಮಾಲೀಕನೇ ಹಾಕಬೇಕಾದ ಪಾಲು, ಶೇ 25 ತೆಗೆದರೆ 24 ಲಕ್ಷ. ಗಿರಾಕಿಗಳಿಂದ ಬರಬೇಕಾದ ಬಾಕಿ 75 ಲಕ್ಷ. ಅದರಲ್ಲಿ ಒಂದು ದೊಡ್ಡ ಕಂಪನಿಯ 21 ಲಕ್ಷದ ಬಿಲ್ಲುಗಳಿಗೆ 90 ದಿನ ದಾಟಿದೆ. ಸಾಮಾನ್ಯವಾಗಿ ಮಂಜೂರಾತಿ ಪತ್ರದಲ್ಲಿ 90 ದಿನ ದಾಟಿದ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಬರೆದಿರುತ್ತದೆ. ಉಳಿದ 54 ಲಕ್ಷಕ್ಕೆ ಶೇ 25 ಮಾರ್ಜಿನ್ ಕಳೆದರೆ 40.50 ಲಕ್ಷ. ಹಲವು ಬ್ಯಾಂಕ್‌ಗಳು ಬಾಕಿಗೆ ಶೇ 40ರವರೆಗೂ ಮಾರ್ಜಿನ್ ಹಿಡಿಯುತ್ತವೆ, ನಿಮ್ಮ ಪತ್ರ ನೋಡಿಕೊಳ್ಳಿ.

24 + 40.50 = 64.50 ಲಕ್ಷ. ಇದು ಆ ತಿಂಗಳ ಡಿಪಿ. ಖಾತೆಯಲ್ಲಿ ಬಳಕೆಯಾಗಿರುವುದು 78 ಲಕ್ಷ. ಮಿತಿಯೊಳಗೆ 2 ಲಕ್ಷ ಜಾಗ ಇದ್ದಂತೆ ಕಾಣುತ್ತದೆ, ನಿಜದಲ್ಲಿ 13.50 ಲಕ್ಷ ಹೆಚ್ಚು ಬಳಸಿದ್ದೀರಿ. ಹೀಗೇ ಎಡೆಬಿಡದೆ 31 ದಿನ ಆದರೆ ಎಸ್‌ಎಂಎ-1 (ಎಸ್‌ಎಂಎ ಅಂದರೆ ವಿಶೇಷ ನಿಗಾದಲ್ಲಿರುವ ಖಾತೆ), 61 ದಿನ ಆದರೆ ಎಸ್‌ಎಂಎ-2, 90 ದಾಟಿದರೆ ಎನ್‌ಪಿಎ.

ಇಲ್ಲಿ ಒಂದು ಮಾತು ಗಮನಿಸಿ. ಗಿರಾಕಿ ಕಂಪನಿ 120 ದಿನಕ್ಕೆ ದುಡ್ಡು ಕೊಡುವುದು ರೂಢಿ ಮಾಡಿಕೊಂಡಿದೆ. ಬ್ಯಾಂಕಿನ ಗಡಿಯಾರ 90 ದಿನಕ್ಕೆ ನಿಲ್ಲುತ್ತದೆ. ನಡುವಿನ 30 ದಿನಕ್ಕೆ ಯಾರೂ ದಿಕ್ಕಿಲ್ಲ. ಸುಧಾರಣೆ ಸಾಲಗಾರನ ಕಡೆಯ ಗಡಿಯಾರವನ್ನು ಕರಾರುವಾಕ್ಕಾಗಿ ಓಡಿಸಿತು, ಗಿರಾಕಿಯ ಗಡಿಯಾರಕ್ಕೆ ಬಹಳ ವರ್ಷ ಕೀಲಿಯನ್ನೇ ಕೊಡಲಿಲ್ಲ.

ಖಾತೆ ಹಾಳಾಗುವ ಬೇರೆ ದಾರಿಗಳೂ ಇವೆ, ವ್ಯಾಪಾರ ಚೆನ್ನಾಗಿದ್ದರೂ:

ಸ್ಟೇಟ್‌ಮೆಂಟ್ ಕೊಡದೆ ಬಿಡುವುದು. ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟ್ ಮೇಲಿನ ಡಿಪಿ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಡಿಪಿ ನಂಬಿ 90 ದಿನ ಹಣ ತೆಗೆಯುತ್ತಾ ಹೋದರೆ, ಗೋದಾಮಿನಲ್ಲಿ ಮಾಲು ತುಂಬಿದ್ದರೂ ಖಾತೆ ಎನ್‌ಪಿಎ.

ನವೀಕರಣ ತಡವಾಗುವುದು. ಮಿತಿಯ ಅವಧಿ ಮುಗಿದ ದಿನದಿಂದ 180 ದಿನದೊಳಗೆ ನವೀಕರಣ ಆಗದಿದ್ದರೆ ಎನ್‌ಪಿಎ. ಲೆಕ್ಕಪರಿಶೋಧಕರು ಆಡಿಟ್ ವರದಿ ತಡ ಮಾಡಿದ್ದು, ಬ್ಯಾಂಕ್ ಕೇಳಿದ ಒಂದು ಕಾಗದ ಕೊಡದೆ ಉಳಿದದ್ದು, ಇಷ್ಟೇ ಕಾರಣ ಸಾಕು. ತಪ್ಪಿಸಿಕೊಳ್ಳಲು ಅತಿ ಸುಲಭವಾದ ಎನ್‌ಪಿಎ ಇದು.

ಮಾರಾಟದ ಹಣ ಬೇರೆ ಬ್ಯಾಂಕಿನ ಖಾತೆಗೆ ಹೋಗುವುದು. 90 ದಿನದಲ್ಲಿ ಸಿಸಿ ಖಾತೆಗೆ ಜಮೆಯೇ ಇಲ್ಲ, ಅಥವಾ ಜಮೆಯಾದದ್ದು ಆ ಅವಧಿಯ ಬಡ್ಡಿಗೂ ಸಾಲದು ಅಂದರೆ ಖಾತೆ ಹದಗೆಟ್ಟಿತು ಅಂತಲೇ ಅರ್ಥ. ಡಿಪಿಯೊಳಗೆ ಇದ್ದರೂ ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಘಟಕಗಳನ್ನು ಮುಳುಗಿಸುವುದು ಸಿಸಿ ಹಣದಲ್ಲಿ ಯಂತ್ರ ಕೊಳ್ಳುವುದು. ಒಳ್ಳೆಯ ಆರ್ಡರ್ ಬಂತು ಅಂತ 30 ಲಕ್ಷದ ಸಿಎನ್‌ಸಿ ಯಂತ್ರಕ್ಕೆ ಸಿಸಿಯಿಂದಲೇ ಚೆಕ್ ಕೊಡುತ್ತಾರೆ. ಅವಧಿ ಸಾಲಕ್ಕೆ ಅರ್ಜಿ ಹಾಕಿದರೆ ಎರಡು ತಿಂಗಳು ಕಾಯಬೇಕು ಅನ್ನುವ ಅವಸರ. ಯಂತ್ರ ಡಿಪಿಯಲ್ಲಿ ಒಂದು ರೂಪಾಯಿಯೂ ಲೆಕ್ಕಕ್ಕೆ ಬರುವುದಿಲ್ಲ. ಅದು ತನ್ನ ಬೆಲೆ ದುಡಿದುಕೊಡಲು ನಾಲ್ಕೈದು ವರ್ಷ ಬೇಕು, ಸಿಸಿ ಹಣ ಎರಡು ಮೂರು ತಿಂಗಳಲ್ಲಿ ತಿರುಗಬೇಕು. ಮುಂದಿನ ತಿಂಗಳು ರಾಡ್ ತರಲು ದುಡ್ಡಿಲ್ಲ, ಯಂತ್ರ ಖಾಲಿ ನಿಲ್ಲುತ್ತದೆ. ಈ ಮೇಲೆ ಹೇಳಿದ ದೊಡ್ಡ ಬ್ಯಾಂಕ್‌ಗಳು ವಿದ್ಯುತ್ ಯೋಜನೆಯಲ್ಲಿ ಮಾಡಿದ ತಪ್ಪೂ ಇದೇ, ಸೊನ್ನೆಗಳು ಮಾತ್ರ ಹೆಚ್ಚು.

ವಾಣಿಜ್ಯ ಉಪನ್ಯಾಸಕಿ, ತುಮಕೂರು

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಅನುಮಾನ. ಉದ್ದರಿ ತಂದ 18 ಲಕ್ಷದ ರಾಡ್ ಘಟಕದ ಶೆಡ್ಡಿನಲ್ಲೇ ಇದೆಯಲ್ಲ, ಅದನ್ನು ಯಾಕೆ ಕಳೆಯುವುದು? ಎಸ್‌ಎಂಎ ಅಥವಾ ಎನ್‌ಪಿಎ ಆದ ಮೇಲೆ ಒಂದಿಷ್ಟು ಕಟ್ಟಿದರೆ ಖಾತೆ ಸರಿಹೋಗುತ್ತದೆಯೇ?

ಉತ್ತರ – ಸ್ಟಾಕ್ ಸ್ಟೇಟ್‌ಮೆಂಟ್

ಆ ರಾಡಿಗೆ ದುಡ್ಡು ಹಾಕಿರುವವನು ರಾಡ್ ವ್ಯಾಪಾರಿ. ಅದರ ಮೇಲೆ ಬ್ಯಾಂಕೂ ಸಾಲ ಕೊಟ್ಟರೆ ಒಂದೇ ಮಾಲಿನ ಮೇಲೆ ಎರಡು ಸಾಲ ಆದಂತೆ. ಕೆಲವರು ಉದ್ದರಿ ಕೊಟ್ಟವರ ಬಾಕಿ ಕಡಿಮೆ ತೋರಿಸಿ ಡಿಪಿ ಏರಿಸಿಕೊಳ್ಳುತ್ತಾರೆ. ಈಗ ಬ್ಯಾಂಕ್ ಜಿಎಸ್‌ಟಿ ರಿಟರ್ನ್ ಪಕ್ಕದಲ್ಲಿಟ್ಟು ನೋಡುತ್ತದೆ, ಖರೀದಿಯೂ ಮಾರಾಟವೂ ತಾಳೆಯಾಗದಿದ್ದರೆ ಸಿಕ್ಕಿಬೀಳುವುದು ಖಚಿತ. ಆಮೇಲೆ ಸ್ಟಾಕ್ ಆಡಿಟ್, ಅದರ ಶುಲ್ಕವೂ ಘಟಕದ ಮೇಲೆಯೇ.

ಎರಡನೆಯದಕ್ಕೆ: ಎಸ್‌ಎಂಎ ಹಂತದಲ್ಲಿ ಬಳಕೆಯನ್ನು ಡಿಪಿಯೊಳಗೆ ಇಳಿಸಿದರೆ ಸರಿಹೋಗುತ್ತದೆ. ಎನ್‌ಪಿಎ ಆದ ಮೇಲೆ ಹಾಗಲ್ಲ. ಮೊದಲು ಒಂದೆರಡು ಕಂತು ಕಟ್ಟಿ, ಸುಸ್ತಿ 90 ದಿನದೊಳಕ್ಕೆ ಬಂದರೆ ಖಾತೆಯನ್ನು ಮೇಲೆತ್ತುವ ರೂಢಿ ಇತ್ತು. 2021ರ ನವೆಂಬರ್ 12ರ ಸುತ್ತೋಲೆ ಅದನ್ನು ನಿಲ್ಲಿಸಿತು. ಬಡ್ಡಿ, ಅಸಲು ಸೇರಿ ಬಾಕಿ ಇರುವ ಸುಸ್ತಿಯೆಲ್ಲ ತೀರಿದರೆ ಮಾತ್ರ ಖಾತೆ ಮತ್ತೆ ಸರಿಯಾದ ವರ್ಗಕ್ಕೆ ಬರುತ್ತದೆ. ತಿಂಗಳ ಕೊನೆಗೋ ತ್ರೈಮಾಸಿಕದ ಕೊನೆಗೋ ಅಲ್ಲ, ಪ್ರತಿದಿನ ಸಂಜೆ ಕಂಪ್ಯೂಟರೇ ವರ್ಗೀಕರಣ ಮಾಡುತ್ತದೆ. ಮ್ಯಾನೇಜರ್ ಪರಿಚಯ ಇದ್ದರೂ ತಡೆಯಲಾಗದು.

ಉತ್ತರ – ವಸೂಲಿ ಕಾನೂನು

ಎನ್‌ಪಿಎ ಆದ ಮೇಲಿನ ಹಂತಗಳು. 2002ರ ಸರ್ಫೇಸಿ ಕಾಯ್ದೆ ಬರುವ ಮೊದಲು ಬ್ಯಾಂಕ್ ಸಿವಿಲ್ ಕೋರ್ಟಿಗೆ, 1993ರ ಕಾಯ್ದೆಯ ನಂತರ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕಿತ್ತು. ಸರ್ಫೇಸಿಯಲ್ಲಿ ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿ ವಶಪಡಿಸಿಕೊಳ್ಳಬಹುದು.

ಸರ್ಫೇಸಿಯ 13(2) ಕಲಂ ನೋಟಿಸ್: ಪೂರ್ತಿ ಸಾಲ 60 ದಿನದಲ್ಲಿ ಕಟ್ಟಿ ಅಂತ. ಇದನ್ನು ಬಹಳ ಜನ ಬೀರುವಿನಲ್ಲಿ ಇಟ್ಟು ಮರೆಯುತ್ತಾರೆ. ದೊಡ್ಡ ತಪ್ಪು. ಲೆಕ್ಕ ತಪ್ಪಿದ್ದರೆ, ಎನ್‌ಪಿಎ ದಿನಾಂಕ ತಪ್ಪಿದ್ದರೆ, ಕೃಷಿಭೂಮಿಯನ್ನು ಸೇರಿಸಿದ್ದರೆ ಇಲ್ಲೇ ಲಿಖಿತ ಆಕ್ಷೇಪಣೆ ಕೊಡಬೇಕು. ಬ್ಯಾಂಕ್ 15 ದಿನದಲ್ಲಿ ಕಾರಣ ಸಹಿತ ಉತ್ತರ ಕೊಡಲೇಬೇಕು. ಕೃಷಿಭೂಮಿಯ ಮೇಲೆ ಈ ಕಾಯ್ದೆ ಓಡುವುದಿಲ್ಲ. ಸಾಲದ ಶೇ 20ಕ್ಕಿಂತ ಕಡಿಮೆ ಬಾಕಿ ಉಳಿದಿದ್ದರೂ ಓಡುವುದಿಲ್ಲ.

13(4): ಸಾಂಕೇತಿಕ ಸ್ವಾಧೀನ. ಗೇಟಿಗೆ ನೋಟಿಸ್ ಅಂಟಿಸಿ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ. ಒಂದು ಸ್ಥಳೀಯ ಭಾಷೆಯ ಪತ್ರಿಕೆ ಆಗಿರಬೇಕು. ಇದರಿಂದ 45 ದಿನದೊಳಗೆ ಮಾಲೀಕ 17ನೇ ಕಲಂ ಪ್ರಕಾರ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಬೀಗ ಹಾಕಿಸಲು ಬ್ಯಾಂಕ್ 14ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ಮಹಾನಗರದಲ್ಲಿ ಮುಖ್ಯ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುತ್ತದೆ.

ಹರಾಜಿಗೆ 30 ದಿನದ ನೋಟಿಸ್. 2016ರ ತಿದ್ದುಪಡಿಯ ನಂತರ, ಪೂರ್ತಿ ಸಾಲ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವ ತನಕ ಮಾತ್ರ. ‘ಹರಾಜಿನ ಹಿಂದಿನ ದಿನ ಕಟ್ಟೋಣ’ ಅಂದುಕೊಂಡವರು ಆಸ್ತಿ ಕಳೆದುಕೊಳ್ಳುತ್ತಾರೆ.

ಆದರೆ ಇಷ್ಟು ದೂರ ಬರುವ ಮೊದಲೇ ಒಂದು ಬಾಗಿಲಿದೆ, ಅದು ಬಹಳ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. 25 ಕೋಟಿವರೆಗಿನ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಸಾಲಕ್ಕೆ 2016ರಲ್ಲಿ ರಿಸರ್ವ್ ಬ್ಯಾಂಕ್ ಪುನಶ್ಚೇತನ ಚೌಕಟ್ಟು ತಂದಿದೆ. ಎಸ್‌ಎಂಎ ಹಂತದಲ್ಲೇ ಬ್ಯಾಂಕ್ ಖಾತೆಯನ್ನು ಪರಿಶೀಲಿಸಬೇಕು. ಮಾಲೀಕನೂ ತಾನಾಗಿ ಅರ್ಜಿ ಹಾಕಬಹುದು. 10 ಲಕ್ಷಕ್ಕಿಂತ ಹೆಚ್ಚಿನ ಸಾಲವಾದರೆ ಸಮಿತಿಯ ಮುಂದೆ ಹೋಗುತ್ತದೆ. ಸಮಿತಿಯ ಮುಂದಿರುವುದು ಮೂರು ದಾರಿ: ಸರಿಪಡಿಕೆ, ಮರುಹೊಂದಾಣಿಕೆ, ವಸೂಲಿ. ಈ ಚೌಕಟ್ಟು ಬ್ಯಾಂಕ್‌ಗಳನ್ನು ಕಟ್ಟಿಹಾಕುತ್ತದೆ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೇ, ತಾನು ಎಂಎಸ್‌ಎಂಇ ಅಂತ ಘಟಕವೇ ದಾಖಲೆ ಸಹಿತ ಸಕಾಲದಲ್ಲಿ ಹೇಳಬೇಕು, ವಸೂಲಿ ಎಲ್ಲ ಮುಗಿದ ಮೇಲೆ ಎತ್ತುವಂತಿಲ್ಲ ಅಂತಲೂ ಹೇಳಿತು. ಆದ್ದರಿಂದ ಖಾತೆ 31ನೇ ದಿನಕ್ಕೆ ಬಂದಾಗಲೇ ಉದ್ಯಮ್ ಪ್ರಮಾಣಪತ್ರ (ಎಂಎಸ್‌ಎಂಇ ಅಂತ ನೋಂದಣಿಯಾದ ದಾಖಲೆ), ಬಾಕಿ ಬರಬೇಕಾದ ಬಿಲ್ಲುಗಳ ಪಟ್ಟಿ, ಮುಂದಿನ ಆರು ತಿಂಗಳ ನಗದು ಹರಿವಿನ ಅಂದಾಜು ಸೇರಿಸಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಮನವಿಗೆ ಬೆಲೆಯಿಲ್ಲ.

ದಿವಾಳಿ ಕಾನೂನಿನ ಬಗ್ಗೆ ಒಂದೇ ಮಾತು. 1985ರ ರುಗ್ಣ ಕೈಗಾರಿಕೆ ಕಾಯ್ದೆ ದೊಡ್ಡ ಕಂಪನಿಗಳಿಗೆ ವಸೂಲಿಯಿಂದ ವರ್ಷಗಟ್ಟಲೆ ರಕ್ಷಣೆ ಕೊಟ್ಟಿತ್ತು. ಸಣ್ಣ ಕೈಗಾರಿಕೆ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. 2016ರ ದಿವಾಳಿ ಸಂಹಿತೆ ಆ ರಕ್ಷಣೆ ತೆಗೆದು, 180 ದಿನ, 2019ರ ತಿದ್ದುಪಡಿಯ ನಂತರ ಹೆಚ್ಚೆಂದರೆ 330 ದಿನ, ಅಂತ ಗಡುವು ಹಾಕಿತು. ಮಾಲೀಕನೇ ಕಂಪನಿ ಕಳೆದುಕೊಳ್ಳುವ ಭಯ ಹುಟ್ಟಿತು, ಅದು ನಿಜವಾದ ಬದಲಾವಣೆ. ಆದರೆ ಅರ್ಜಿ ಹಾಕಲು ಬೇಕಾದ ಕನಿಷ್ಠ ಸುಸ್ತಿಯನ್ನು 2020ರ ಮಾರ್ಚ್‌ನಲ್ಲಿ 1 ಲಕ್ಷದಿಂದ 1 ಕೋಟಿಗೆ ಏರಿಸಿದರು. ಕೋವಿಡ್ ಕಾಲದಲ್ಲಿ ಸಣ್ಣವರನ್ನು ಕಾಯಲು ಮಾಡಿದ ಕೆಲಸ. 21 ಲಕ್ಷ ಬರಬೇಕಾದ ಸಣ್ಣ ಘಟಕ ಈಗ ದೊಡ್ಡ ಗಿರಾಕಿಯ ಮೇಲೆ ಆ ಬಾಗಿಲು ತಟ್ಟುವಂತಿಲ್ಲ.

ಉತ್ತರ – ಬಾಕಿ ವಸೂಲಿ

ಹಾಗಾದರೆ ಆ 21 ಲಕ್ಷ ತರುವುದು ಹೇಗೆ? ಹಳೇ ಲೆಡ್ಜರ್ ಅವರು ಬ್ಯಾಂಕಿನ ಕಡೆಯಿಂದ ಚೆನ್ನಾಗಿ ಬರೆದಿದ್ದಾರೆ. ಆದರೆ ಸಣ್ಣ ಘಟಕದ ಕಷ್ಟಕ್ಕೆ ಉಕ್ಕಿನ ಎನ್‌ಪಿಎ ಒಂದೇ ಕಾರಣ ಅನ್ನುವ ಹಾಗೆ ಓದಿಸಿಕೊಳ್ಳುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಒಟ್ಟು ಎನ್‌ಪಿಎ 2024ರ ಮಾರ್ಚ್ ಹೊತ್ತಿಗೆ ಶೇ 3ರ ಒಳಗೆ ಬಂದಿತ್ತು, ಬಾಕಿ ಬಿಲ್ಲಿನ ಗೋಳು ನಿಂತಿಲ್ಲ.

2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ: ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಒಪ್ಪಂದದಲ್ಲಿ 120 ದಿನ ಅಂತ ಬರೆಸಿಕೊಂಡರೂ 45ಕ್ಕಿಂತ ಮೇಲೆ ನಿಲ್ಲದು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಅಂತ ಹಿಡಿದರೆ ಶೇ 18. 10 ಲಕ್ಷ ಆರು ತಿಂಗಳು ತಡವಾದರೆ 93,443 ರೂಪಾಯಿ ಬಡ್ಡಿ. ಈ ಬಡ್ಡಿಯನ್ನು ಗಿರಾಕಿ ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ತೋರಿಸುವಂತೆಯೂ ಇಲ್ಲ. ಕೊಡದಿದ್ದರೆ ಇಂಥ ಬಾಕಿ ತಕರಾರು ತೀರ್ಮಾನಿಸುವ ಸೌಲಭ್ಯ ಮಂಡಳಿಗೆ ದೂರು. ತೀರ್ಪು ಪ್ರಶ್ನಿಸಿ ಕೋರ್ಟಿಗೆ ಹೋಗಬೇಕಾದರೆ ಗಿರಾಕಿ ಶೇ 75 ಮೊತ್ತ ಠೇವಣಿ ಇಡಬೇಕು.

ಕಾಯ್ದೆ ಇಷ್ಟು ಗಟ್ಟಿ ಇದ್ದರೂ ಯಾಕೆ ಬಳಸುವುದಿಲ್ಲ? ದೂರು ಕೊಟ್ಟ ಮರುದಿನ ಆರ್ಡರ್ ನಿಲ್ಲುತ್ತದೆ ಅನ್ನುವ ಭಯ. ಒಬ್ಬನೇ ಗಿರಾಕಿಯನ್ನು ನಂಬಿದ ಘಟಕಕ್ಕೆ ಅದು ಸುಳ್ಳು ಭಯವಲ್ಲ. ಅದಕ್ಕೇ, ಸಣ್ಣವನು ದೂರು ಕೊಡದೆಯೂ ಕೆಲಸ ಮಾಡುವ ಎರಡು ವ್ಯವಸ್ಥೆಗಳು ಮುಖ್ಯ.

ಒಂದು, 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್), 2023–24ರ ಹಣಕಾಸು ವರ್ಷದಿಂದ. ಅತಿಸಣ್ಣ ಮತ್ತು ಸಣ್ಣ ಘಟಕಕ್ಕೆ 15 ಅಥವಾ 45 ದಿನದೊಳಗೆ ಕೊಡದ ಹಣವನ್ನು ಗಿರಾಕಿ ಆ ವರ್ಷದ ವೆಚ್ಚವಾಗಿ ಹಿಡಿಯುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ. ಮಧ್ಯಮ ಉದ್ಯಮಕ್ಕೂ ಬರೀ ವ್ಯಾಪಾರ ಮಾಡುವವರಿಗೂ ಇದು ಸಿಗದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮತ್ತು ‘ಅತಿಸಣ್ಣ’ ಅಥವಾ ‘ಸಣ್ಣ’ ಅಂತ ಅಚ್ಚು ಹಾಕಿಸಿ. ಗಿರಾಕಿಯ ಆಡಿಟರ್ ಕಣ್ಣಿಗೆ ಬೀಳಬೇಕಾದದ್ದು ಅದೇ. ನೋಂದಣಿ ಮಾಲು ಕಳಿಸುವ ಮೊದಲೇ ಆಗಿರಲಿ, ನಂತರ ಮಾಡಿಸಿದರೆ ತಕರಾರಿಗೆ ದಾರಿ.

ಎರಡು, ಟ್ರೆಡ್ಸ್, ಅಂದರೆ ಬಾಕಿ ಬಿಲ್ಲಿನ ಮೇಲೆ ಮೊದಲೇ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಅನ್ನುವ ವೇದಿಕೆಗಳಿವೆ. ಘಟಕ ಬಿಲ್ ಏರಿಸುತ್ತದೆ, ಗಿರಾಕಿ ಒಪ್ಪುತ್ತಾನೆ, ಬ್ಯಾಂಕ್‌ಗಳು ದರ ಕೂಗುತ್ತವೆ, ಕಡಿಮೆ ದರ ಆರಿಸಿಕೊಂಡರೆ ಒಂದೆರಡು ದಿನದಲ್ಲಿ ಹಣ. ಗಿರಾಕಿ ನಂತರ ಕೊಡದಿದ್ದರೆ ಘಟಕದ ಮೇಲೆ ಬರುವುದಿಲ್ಲ, ಅದೇ ಇದರ ಜೀವ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಸೇರಬೇಕು ಅಂತ ಆದೇಶವಾಗಿತ್ತು. ಸೇರುವುದು ಕಡ್ಡಾಯ, ಬಿಲ್ ಒಪ್ಪುವುದು ಗಿರಾಕಿಯ ಕೈಯಲ್ಲೇ ಇದೆ. ಇಲ್ಲಿಯೇ ಹೆಚ್ಚು ಬಿಲ್ಲುಗಳು ನಿಲ್ಲುವುದು. ಖರೀದಿ ಆದೇಶ ಒಪ್ಪಿಕೊಳ್ಳುವಾಗಲೇ ‘ಮಾಲು ಸ್ವೀಕರಿಸಿದ ಏಳು ದಿನದಲ್ಲಿ ಟ್ರೆಡ್ಸ್‌ನಲ್ಲಿ ಒಪ್ಪಿಗೆ’ ಅಂತ ಒಂದು ಸಾಲು ಬರೆಸಿಕೊಳ್ಳಿ.

ಎಚ್ಚರಿಕೆ: ಬಾಕಿಗಳೆಲ್ಲ ಸಿಸಿ ಕೊಟ್ಟ ಬ್ಯಾಂಕಿಗೆ ಅಡ ಇರುತ್ತವೆ. ಬ್ಯಾಂಕಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ, ಟ್ರೆಡ್ಸ್ ಹಣ ಆ ಸಿಸಿ ಖಾತೆಗೇ ಬೀಳಲಿ, ಆ ಬಿಲ್ಲುಗಳನ್ನು ಸ್ಟಾಕ್ ಸ್ಟೇಟ್‌ಮೆಂಟ್‌ನಿಂದ ತೆಗೆಯಿರಿ. ಒಂದೇ ಬಿಲ್ಲಿಗೆ ಎರಡು ಕಡೆ ಹಣ ತೆಗೆದರೆ ವಂಚನೆಯ ಪ್ರಕರಣವಾಗುತ್ತದೆ.

ಉತ್ತರ – ಸ್ಟಾಕ್ ಸ್ಟೇಟ್‌ಮೆಂಟ್

ಮೇಡಂ, ತರಗತಿಗೆ ಅದೇ ಘಟಕದ ಲೆಕ್ಕ ಮುಂದುವರಿಸಿ. ಆ 21 ಲಕ್ಷದ ಬಿಲ್ಲುಗಳನ್ನು 90 ದಿನ ದಾಟುವ ತನಕ ಇಟ್ಟುಕೊಳ್ಳದೆ 10ನೇ ದಿನವೇ ಟ್ರೆಡ್ಸ್‌ಗೆ ಹಾಕಿದ್ದರೆ? ದರ ದೊಡ್ಡ ಗಿರಾಕಿಯ ಯೋಗ್ಯತೆ ನೋಡಿ ಬರುವುದರಿಂದ ಶೇ 9 ಅಂತ ಹಿಡಿಯೋಣ, ಘಟಕದ ಸಿಸಿ ದರ ಶೇ 10.5 ಅಂತ ಹಿಡಿಯೋಣ. ಇನ್ನುಳಿದ 110 ದಿನಕ್ಕೆ ಟ್ರೆಡ್ಸ್ ಕಡಿತ 56,959 ರೂಪಾಯಿ. ಅಷ್ಟೇ ಹಣವನ್ನು ಅಷ್ಟೇ ದಿನ ಸಿಸಿಯಲ್ಲಿ ಬಳಸಿದರೆ ಬಡ್ಡಿ 66,452. ವೇದಿಕೆಯ ಶುಲ್ಕ ಬೇರೆ, ಅದನ್ನು ಯಾರು ಭರಿಸುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಬೇಕು.

ಕೈಗೆ ಬಂದದ್ದು ಸುಮಾರು 20.43 ಲಕ್ಷ, ಸಿಸಿ ಖಾತೆಗೆ ಜಮೆ. ಬಳಕೆ 78ರಿಂದ 57.57 ಲಕ್ಷಕ್ಕೆ ಇಳಿಯಿತು. ಡಿಪಿ ಮೊದಲಿನಂತೆಯೇ 64.50 ಲಕ್ಷ, ಯಾಕೆಂದರೆ ಆ 21 ಲಕ್ಷ ಮೊದಲೂ ಅದರಲ್ಲಿ ಇರಲಿಲ್ಲ. 13.50 ಲಕ್ಷ ಮೀರಿದ್ದ ಖಾತೆಯಲ್ಲಿ ಈಗ 6.93 ಲಕ್ಷ ಜಾಗ ಇದೆ. ಇಷ್ಟಾದ ಮೇಲೆ ಮಕ್ಕಳಿಗೆ ಇದನ್ನು ಕೇಳಿ: ಇದೇ ತಿಂಗಳು ಮಾಲೀಕ 30 ಲಕ್ಷದ ಯಂತ್ರಕ್ಕೆ ಸಿಸಿಯಿಂದ ಮುಂಗಡ 8 ಲಕ್ಷ ಕೊಟ್ಟರೆ ಏನಾಗುತ್ತದೆ?